ಶಾಲೆ ಮಾಡಿನ ನೀರು ಯಾವ ಸಮುದ್ರಕ್ಕೆ?

ತೀರ್ಥಹಳ್ಳಿ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು, ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಭೂಗೋಳ ಎಂದರೆ ಭೂಪಟಕ್ಕೆ ಬಣ್ಣ ತುಂಬುವುದು ಎಂದು ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಅದನ್ನು ಬಿಡಿಸಲು ನಾನು ನೀರಿನ ಜಾಡು ಹಿಡಿದೆ. ಮಳೆಗಾಲ ಹಿಡಿಯುತ್ತಿದ್ದಂತೆ ಕೇಳುವುದು ಒಂದೇ ಪ್ರಶ್ನೆ: ನಮ್ಮ ಶಾಲೆ ಮಾಡಿನಿಂದ ಇಳಿದ ನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ?

ನಮ್ಮ ತಾಲ್ಲೂಕಿನಲ್ಲಿ ಇದಕ್ಕೆ ಎರಡು ಉತ್ತರ ಇವೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಲಿಂಗನಮಕ್ಕಿ, ಜೋಗ ದಾಟಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಪೇಟೆ ಪಕ್ಕದಲ್ಲೇ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡರ ನಡುವೆ ಇರುವುದು ಗುಡ್ಡದ ಏಣು, ಅಷ್ಟೇ.

ಮೊದಲು ಹೊಳವಾದ ದಿನ ನೋಡಿ ಶಾಲೆ ಹಿಂದಿನ ಹಳ್ಳದ ಗುಂಟ ನಡೆಸುತ್ತೇನೆ. ಹೆಜ್ಜೆ ಎಣಿಸುವುದು, ತಿರುವಿನಲ್ಲಿ ದಿಕ್ಸೂಚಿ ನೋಡಿ ಬರೆದುಕೊಳ್ಳುವುದು. ನೂರು ಹೆಜ್ಜೆಗೆ ಒಂದು ಸೆಂಟಿಮೀಟರ್ ಎಂದು ತಾವೇ ಗೆರೆ ಎಳೆದ ಮೇಲೆ ಪ್ರಮಾಣವನ್ನು ಮತ್ತೆ ವಿವರಿಸಬೇಕಾಗಿಲ್ಲ.

ಕಷ್ಟ ಇರುವುದು ಸಮೋನ್ನತಿ ರೇಖೆಯಲ್ಲಿ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ನಕ್ಷೆಯ ಗೆರೆಯಲ್ಲಿ. ಪಾಠ ಓದಿಸಿ ಇದನ್ನು ಕಲಿಸಲು ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ಲಾಸ್ಟಿಕ್ ಟಬ್ಬಿನಲ್ಲಿ ಗದ್ದೆಯ ಜೇಡಿಮಣ್ಣಿನಿಂದ ಎರಡು ತಲೆಯ ಗುಡ್ಡ ಮಾಡಿಸುತ್ತೇನೆ. ಬದಿಯಲ್ಲಿ ಬೆರಳಿನಿಂದ ಒಂದು ಹಳ್ಳ ತೀಡಿ, ರಾತ್ರಿಯಿಡೀ ಆರಲು ಬಿಡಬೇಕು, ಇಲ್ಲದಿದ್ದರೆ ಕರಗಿಬಿಡುತ್ತದೆ. ಮರುದಿನ ಸ್ಕೇಲು ನಿಲ್ಲಿಸಿ, ಅಂಚಿನಿಂದ ನಿಧಾನವಾಗಿ 2 ಸೆಂ.ಮೀ. ನೀರು ಬಿಟ್ಟು, ನೀರು ಮಣ್ಣಿಗೆ ತಾಗಿದಲ್ಲಿ ಸುತ್ತಲೂ ಕಡ್ಡಿಯಿಂದ ಗೀರುವುದು. ಮತ್ತೆ 2 ಸೆಂ.ಮೀ., ಮತ್ತೆ ಗೀರು. ನೀರು ಮೊಗೆದು ತೆಗೆದು, ಬೆಂಚಿನ ಮೇಲೆ ನಿಂತು ಕೆಳಗೆ ನೋಡಿದರೆ ಗುಡ್ಡ ನಕ್ಷೆಯಾಗಿರುತ್ತದೆ. ಕಡಿದಾದಲ್ಲಿ ಗೆರೆಗಳು ಒತ್ತೊತ್ತಾಗಿವೆ. ಹಳ್ಳ ಇದ್ದಲ್ಲಿ ಗುಡ್ಡದ ತಲೆಯ ಕಡೆಗೆ ಮೊನೆಯಾಗಿ ಬಾಗಿವೆ, ಏಣು ಇದ್ದಲ್ಲಿ ಕೆಳಮುಖವಾಗಿ. ಇದೊಂದು ಕಣ್ಣಿಗೆ ಬಿತ್ತೆಂದರೆ ನೀರು ಎಲ್ಲಿ ಕವಲೊಡೆಯುತ್ತದೆ ಎಂದು ಮಕ್ಕಳೇ ತೋರಿಸುತ್ತಾರೆ.

ಆಮೇಲೆ ಟೋಪೋಶೀಟ್, ಅಂದರೆ ನೆಲದ ಏರಿಳಿತ, ಹಳ್ಳಕೊಳ್ಳ ತೋರಿಸುವ ನಕ್ಷೆ, ಬಿಚ್ಚುತ್ತೇನೆ. 1:50,000 ಪ್ರಮಾಣದ್ದು, 2 ಸೆಂ.ಮೀ. ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್, ಕಂದು ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ. ನೀಲಿ ಗೆರೆಯ ಮೇಲೆ ಬೆರಳಿಟ್ಟು ಕೆಳಗಿಳಿಯುವ ಆಟ ಶುರುವಾಗುತ್ತದೆ. ಹೋದ ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ತಕರಾರು ತೆಗೆದಳು: "ಸರ್, ನಮ್ಮನೆ ತೋಟದ ಹಳ್ಳ ಈ ಕಡೆ ಬರೂದೇ ಇಲ್ಲ, ಹಿಂದಕ್ಕೆ ಹೋಗ್ತದೆ." ಎಲ್ಲರೂ ಸೇರಿ ಏಣಿನ ಗುಂಟ ಪೆನ್ಸಿಲ್ ಎಳೆದು ನೋಡಿದರೆ ಅವಳ ಮಾತೇ ಸರಿ. ಒಂದೇ ಬೆಂಚಿನ ಇಬ್ಬರ ಮನೆ ನೀರು ಬೇರೆ ಬೇರೆ ಸಮುದ್ರಕ್ಕೆ!

ಮಳೆ ಅಳೆಯಲು ಎರಡು ಲೀಟರಿನ ನೇರ ಗೋಡೆಯ ಬಾಟಲಿ ಸಾಕು. ಕುತ್ತಿಗೆ ಕತ್ತರಿಸಿ ಮಗುಚಿಟ್ಟರೆ ಅದೇ ಆಲಿಕೆ. ತಳ ಸಮ ಇರುವುದಿಲ್ಲವಾದ್ದರಿಂದ ಕಲ್ಲುಹರಳು ಹಾಕಿ, ಅವು ಮುಳುಗುವಷ್ಟು ನೀರು ತುಂಬಿ, ಅಲ್ಲಿಂದ ಸೊನ್ನೆ ಗುರುತಿಸಬೇಕು. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ನೋಡುವ ಕೆಲಸ ಹತ್ತಿರದ ಮನೆಯ ಮಕ್ಕಳದು. 10 ಮಿ.ಮೀ. ಮಳೆ 100 ಚದರ ಮೀಟರ್ ಮಾಡಿನ ಮೇಲೆ ಬಿದ್ದರೆ 1,000 ಲೀಟರ್ ಎಂಬ ಲೆಕ್ಕ ಅವರಿಗೆ ಬಹಳ ಹಿಡಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಯಾಕೆ ಎಂದು ಕೇಳಿದರೆ ಈಗ ಟಬ್ಬಿನ ಗುಡ್ಡ ತೋರಿಸಿ, ಗಾಳಿ ಯಾವ ಕಡೆಯಿಂದ ಏರುತ್ತದೆ ಎಂದು ಹೇಳುತ್ತಾರೆ.

ಪರೀಕ್ಷೆಯಲ್ಲಿ ಶರಾವತಿ ಹುಟ್ಟುವುದೆಲ್ಲಿ ಎಂದು ನಾನು ಕೇಳುವುದಿಲ್ಲ. ಹೆಸರಿಲ್ಲದ ಸಮೋನ್ನತಿ ನಕ್ಷೆಯ ತುಂಡೊಂದರಲ್ಲಿ ಮೂರು ಮನೆ ಗುರುತಿಸಿ, ಯಾವ ಎರಡು ಮನೆಯ ನೀರು ಒಂದೇ ಹಳ್ಳಕ್ಕೆ ಬೀಳುತ್ತದೆ, ಗೆರೆ ಎಳೆದು ತೋರಿಸಿ ಎನ್ನುತ್ತೇನೆ. ನಾಲ್ಕು ಸಾಲು ಬರೆಯಲು ತಿಣುಕುವ ಮಕ್ಕಳೂ ಇದನ್ನು ಸರಿಯಾಗಿ ಎಳೆಯುತ್ತಾರೆ. ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.