ಥರ್ಮೋಸ್ಟಾಟ್ ಬದಲಿಸುವಾಗ ವೈರಿನ ಬಣ್ಣ ನಂಬಬೇಡಿ, ಅಕ್ಷರ ನೋಡಿ

ಮನೆಯ ಬಿಸಿ, ತಂಪು ನಿಯಂತ್ರಿಸುವ ಗೋಡೆಯ ಮೇಲಿನ ಹಳೆ ಥರ್ಮೋಸ್ಟಾಟ್ ಬಿಚ್ಚಿ ಹೊಸದು ಕೂರಿಸುವುದು ಅರ್ಧ ಗಂಟೆಯ ಕೆಲಸ. ಅದನ್ನು ಇಡೀ ದಿನಕ್ಕೆ ಎಳೆಯುವವರು ಮಾಡುವ ತಪ್ಪು ಒಂದೇ. ಮೊದಲು ವೈರುಗಳನ್ನೆಲ್ಲ ಕಿತ್ತುಬಿಡುತ್ತಾರೆ, ಆಮೇಲೆ ಯಾವುದು ಎಲ್ಲಿತ್ತು ಅಂತ ತಲೆ ಕೆರೆದುಕೊಳ್ಳುತ್ತಾರೆ.

ಮೊದಲು ಬ್ರೇಕರ್ ಆಫ್ ಮಾಡಿ. ಫರ್ನೇಸಿಗೂ (ಮನೆ ಬಿಸಿ ಮಾಡುವ ಯಂತ್ರ) ಹೊರಗಿನ ಏಸಿಗೂ ಬೇರೆ ಬೇರೆ ಬ್ರೇಕರ್ ಇದ್ದರೆ ಎರಡನ್ನೂ ಆಫ್ ಮಾಡಬೇಕು.

ಮುಚ್ಚಳ ತೆಗೆದು ನೋಡಿ. ಸಣ್ಣ ಸಣ್ಣ ವೈರುಗಳು ಸ್ಕ್ರೂಗಳಿಗೆ ಹೋಗಿದ್ದರೆ ಅದು 24 ವೋಲ್ಟಿನ ವ್ಯವಸ್ಥೆ, ಮುಂದುವರಿಯಿರಿ. ಎರಡೋ ನಾಲ್ಕೋ ದಪ್ಪ ವೈರುಗಳಿದ್ದು ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕಿದ್ದರೆ ಅಲ್ಲಿಗೇ ನಿಲ್ಲಿಸಿ. ಅದರಲ್ಲಿ ಹರಿಯುವುದು 120 ಅಥವಾ 240 ವೋಲ್ಟ್. ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್ ಬೇಕು.

ಇನ್ನು ಅಸಲಿ ಕೆಲಸ. ಒಂದು ವೈರನ್ನೂ ಮುಟ್ಟುವ ಮೊದಲು ಫೋಟೊ ತೆಗೆಯಿರಿ. ಪ್ರತಿ ಸ್ಕ್ರೂ ಪಕ್ಕದ ಅಕ್ಷರ ಸ್ಪಷ್ಟವಾಗಿ ಕಾಣಬೇಕು. ಆಮೇಲೆ ಒಂದೊಂದೇ ವೈರಿಗೆ ಆ ಅಕ್ಷರ ಬರೆದ ಪಟ್ಟಿ ಅಂಟಿಸಿ. ಹೊಸ ಡಬ್ಬಿಯಲ್ಲಿ ಬರುವ ಸ್ಟಿಕ್ಕರ್‌ಗಳು ಬೇಗ ಉದುರುತ್ತವೆ. ನನ್ನ ಮಟ್ಟಿಗೆ ಪೇಂಟರುಗಳ ಟೇಪು, ಮಾರ್ಕರ್ ಪೆನ್ನು ಇದ್ದರೆ ಸಾಕು. ಬಣ್ಣ ಬರೆದುಕೊಂಡರೆ ಸಾಲದೇ ಅಂತ ಕೇಳುತ್ತಾರೆ. ಸಾಲದು. ಕೆಂಪು ಕರೆಂಟಿಗೆ, ಬಿಳಿ ಬಿಸಿಗೆ, ಹಳದಿ ತಂಪಿಗೆ, ಹಸಿರು ಫ್ಯಾನಿಗೆ ಅನ್ನುವುದು ರೂಢಿ ಅಷ್ಟೇ. ಹಿಂದೆ ವೈರ್ ಎಳೆದವನು ಕೈಗೆ ಸಿಕ್ಕ ಬಣ್ಣ ಹಾಕಿರಬಹುದು ಅಲ್ವಾ?

ಅಕ್ಷರಗಳ ಅರ್ಥ ಸುಲಭ. ಆರ್‌ನಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಬರುತ್ತದೆ. ಡಬ್ಲ್ಯು ಹೀಟಿಂಗ್, ವೈ ಕಂಪ್ರೆಸರ್, ಜಿ ಫ್ಯಾನ್, ಸಿ ಅಂದರೆ ಕರೆಂಟು ವಾಪಸ್ ಹೋಗುವ ಕಾಮನ್. ಥರ್ಮೋಸ್ಟಾಟ್ ಮಾಡುವುದು ಇಷ್ಟೇ: ಆರ್ ಅನ್ನು ಬೇಕಾದ ವೈರಿಗೆ ಜೋಡಿಸುತ್ತದೆ, ಬಿಡಿಸುತ್ತದೆ. ಹಳೆಯದರಲ್ಲಿ ಆರ್‌ಸಿ (ತಂಪಿನ ಕರೆಂಟು), ಆರ್‌ಎಚ್ (ಬಿಸಿಯ ಕರೆಂಟು) ಎರಡಕ್ಕೂ ಬೇರೆ ಬೇರೆ ವೈರ್ ಬಂದಿದ್ದರೆ ಎರಡು ಟ್ರಾನ್ಸ್‌ಫಾರ್ಮರ್ ಇರಬಹುದು. ಅವೆರಡನ್ನು ತುಂಡು ವೈರಿನಿಂದ ಸೇರಿಸಬೇಡಿ.

ಹೆಚ್ಚು ಜನ ಎಡವುವುದು ಬಿ ಅಕ್ಷರದಲ್ಲಿ. ಹೀಟ್ ಪಂಪಿನಲ್ಲಿ, ಅಂದರೆ ಬಿಸಿ ತಂಪು ಎರಡನ್ನೂ ಕೊಡುವ ಒಂದೇ ಯಂತ್ರದಲ್ಲಿ, ಓ ಅಥವಾ ಬಿ ಅಂದರೆ ಬಿಸಿ ತಂಪು ಅದಲು ಬದಲು ಮಾಡುವ ವಾಲ್ವ್. ಆದರೆ ಕೆಲವು ಹಳೆ ಯಂತ್ರಗಳಲ್ಲಿ ಕಾಮನ್ ವೈರನ್ನೇ ಬಿ ಸ್ಕ್ರೂಗೆ ಕೊಟ್ಟಿರುತ್ತಾರೆ. ಅದನ್ನು ಹೊಸದರ ಓ/ಬಿ ಜಾಗಕ್ಕೆ ಹಾಕಿದರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಹಳೆಯದರಲ್ಲಿ ಓ ಮತ್ತು ಬಿ ಎರಡಕ್ಕೂ ವೈರ್ ಇದ್ದರೆ ಅನುಮಾನ ಪಡಿ. ಫರ್ನೇಸಿನ ಬಾಗಿಲು ತೆಗೆದು, ಆ ವೈರ್ ಅಲ್ಲಿನ ಬೋರ್ಡಿನಲ್ಲಿ ಯಾವ ಅಕ್ಷರಕ್ಕೆ ಹೋಗಿದೆ ನೋಡಿ. ಗೊಂದಲ ಬಂದಾಗಲೆಲ್ಲ ಆ ತುದಿಯ ಅಕ್ಷರವೇ ಕೊನೆ ಮಾತು.

ಸಿ ವೈರೇ ಇಲ್ಲವಾ? ಗೋಡೆಯೊಳಗೆ ಇಣುಕಿ. ಬಳಸದ ವೈರೊಂದನ್ನು ಕೇಬಲ್ಲಿಗೆ ಸುತ್ತಿ ಬಿಟ್ಟಿರುವುದು ಮಾಮೂಲು. ಅದನ್ನು ಥರ್ಮೋಸ್ಟಾಟ್, ಫರ್ನೇಸ್ ಎರಡೂ ತುದಿಯಲ್ಲಿ ಸಿ ಸ್ಕ್ರೂಗೆ ಜೋಡಿಸಿದರಾಯಿತು. 'ಸಿ ಬೇಕಿಲ್ಲ' ಅಂತ ಮಾರುವ ವೈಫೈ ಮಾಡೆಲ್‌ಗಳು ನನಗೆ ಹಿಡಿಸುವುದಿಲ್ಲ. ಬೇರೆ ವೈರಿನಿಂದ ಚೂರು ಚೂರು ಕರೆಂಟು ಕದ್ದು ಬದುಕುತ್ತವೆ. ಕೆಲವು ಮನೆಗಳಲ್ಲಿ ಅದರಿಂದ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಸುಮ್ನೆ ಟಕಟಕ ಅನ್ನುತ್ತಿರುತ್ತದೆ.

ಉಳಿದದ್ದು ಬೇಗ ಮುಗಿಯುತ್ತದೆ. ಅಕ್ಷರಕ್ಕೆ ಅಕ್ಷರ ಜೋಡಿಸಿ, ವೈರ್ ಹೊರಬರುವ ತೂತು ಮುಚ್ಚಿ. ಇಲ್ಲದಿದ್ದರೆ ಗೋಡೆಯೊಳಗಿನ ಗಾಳಿ ತಾಗಿ ತಾಪಮಾನ ತಪ್ಪು ತೋರಿಸುತ್ತದೆ. ಹಳೆಯದರಲ್ಲಿ ಪಾದರಸದ ಗಾಜಿನ ಬುರುಡೆ ಇದ್ದರೆ ಕಸಕ್ಕೆ ಎಸೆಯಬೇಡಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಬ್ರೇಕರ್ ಆನ್ ಮಾಡಿ, ಮೊದಲು ಫ್ಯಾನ್ ಮಾತ್ರ ಓಡಿಸಿ ನೋಡಿ. ಕೂಲಿಂಗ್ ಹಾಕಿದಾಗ ಕಂಪ್ರೆಸರ್ ಐದು ನಿಮಿಷ ತಡಮಾಡಿದರೆ ಅದು ಕೆಟ್ಟಿಲ್ಲ, ಬೇಕೆಂದೇ ಕಾಯುತ್ತಿದೆ. ಪರದೆಯೇ ಹೊತ್ತಿಕೊಳ್ಳದಿದ್ದರೆ ಫರ್ನೇಸಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿ, ಅಲ್ಲೊಂದು ಸ್ವಿಚ್ ಇರುತ್ತದೆ. ಆಮೇಲೆ ಬೋರ್ಡಿನ ಮೇಲಿನ ಪುಟ್ಟ ಫ್ಯೂಸ್ ನೋಡಿ. ಸಾಮಾನ್ಯವಾಗಿ 3 ಅಥವಾ 5 ಆಂಪಿಯರಿನದು, ಕಾರಿಗೆ ಹಾಕುವಂಥದ್ದೇ. ಹಾಕುವಾಗ ಅಷ್ಟೇ ಆಂಪಿಯರಿನದು ಹಾಕಿ, ದೊಡ್ಡದು ಬೇಡ.