ಮೊಬೈಲ್ ಅಂಗಡಿಯ ಆಫರ್ ಮೆಸೇಜ್: ಬ್ಲಾಕ್ ಮಾಡಿದರೆ ಸಾಲದು, ಸರಿಯಾಗಿ ದೂರು ಕೊಡಿ

ಸ್ಕ್ರೀನ್ ಗಾರ್ಡ್ ಹಾಕಿಸಲು ಹೋದ ಅಂಗಡಿಯಲ್ಲಿ ಒಮ್ಮೆ ನಂಬರ್ ಹೇಳಿದರೆ ಸಾಕು. ಯುಗಾದಿ, ಗಣೇಶನ ಹಬ್ಬ, ದಸರಾ, ದೀಪಾವಳಿ ಒಂದನ್ನೂ ಬಿಡದೆ ‘ಹಳೆ ಫೋನ್ ತನ್ನಿ, ಹೊಸದು ಒಯ್ಯಿರಿ’ ಎಂಬ ಮೆಸೇಜ್ ಬರುತ್ತಲೇ ಇರುತ್ತದೆ. ಹೆಚ್ಚಿನವರು ಅದನ್ನು ಅಳಿಸುತ್ತಾರೆ, ಇಲ್ಲವೇ ಬ್ಲಾಕ್ ಮಾಡುತ್ತಾರೆ. ಬ್ಲಾಕ್ ಮಾಡಿದರೆ ಆ ಮೆಸೇಜ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಕಳಿಸುವವನಿಗೆ ಏನೂ ಆಗುವುದಿಲ್ಲ; ನಾಳೆ ಇನ್ನೊಂದು ಸಿಮ್‌ನಿಂದ ಕಳಿಸುತ್ತಾನೆ. ದೂರು ಕೊಡುವವರೂ ಇದ್ದಾರೆ. ಆದರೆ ದಿನಾಂಕ ಇಲ್ಲ, ನಂಬರ್ ತಪ್ಪು, ಬೇರೆ ಸಿಮ್‌ನಿಂದ ಬಂದಿದೆ ಎಂಬ ಕಾರಣಕ್ಕೆ ಅಂಥ ದೂರುಗಳು ಮೊದಲ ಮೆಟ್ಟಿಲಲ್ಲೇ ಬಿದ್ದುಹೋಗುತ್ತವೆ. ಆದ್ದರಿಂದ ಇಲ್ಲಿ ಹೆಚ್ಚು ಜಾಗ ದೂರಿಗೇ.

ಹಂತ 1: ಮೆಸೇಜ್ ಯಾವ ದಾರಿಯಲ್ಲಿ ಬಂದಿದೆ ನೋಡಿ

ಕಳಿಸಿದವರ ಹೆಸರಿನ ಜಾಗದಲ್ಲಿ ಏನಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಎರಡು ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಆಮೇಲೆ ಆರು ಅಕ್ಷರ ಅಥವಾ ಅಂಕಿ ಇದ್ದರೆ ಅದು ನೋಂದಾಯಿತ ಹೆಡರ್. ದೊಡ್ಡ ಮಳಿಗೆಗಳು, ಸಾಲ ಕೊಡುವ ಕಂಪನಿಗಳು ಹೀಗೆ ಕಳಿಸುತ್ತವೆ. ಮೊದಲ ಅಕ್ಷರ ಮೆಸೇಜ್ ಹೊರಟ ಟೆಲಿಕಾಂ ಕಂಪನಿಯದು (ಏರ್‌ಟೆಲ್‌ಗೆ ಎ, ಜಿಯೋಗೆ ಜೆ, ವೊಡಾಫೋನ್ ಐಡಿಯಾಗೆ ವಿ, ಬಿಎಸ್‌ಎನ್‌ಎಲ್‌ಗೆ ಬಿ). ಎರಡನೆಯದು ವಲಯದ್ದು, ಕರ್ನಾಟಕದ ಗುರುತು ಎಕ್ಸ್. ಆದರೆ ಅದು ಮೆಸೇಜ್ ಹೊರಟ ವಲಯ, ಅಂಗಡಿ ಇರುವ ಊರಲ್ಲ. ಹೆಡರ್ ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೆಡರ್ ಹುಡುಕುವ ಜಾಲತಾಣ ಇಟ್ಟಿದೆ. ಮಧ್ಯದ ಆರು ಅಕ್ಷರ ಹಾಕಿದರೆ ಸಂಸ್ಥೆಯ ಹೆಸರು ಬರುತ್ತದೆ.

2025ರಿಂದ ಹೆಡರ್‌ನ ಕೊನೆಗೂ ಒಂದು ಅಕ್ಷರ ಸೇರಿದೆ. ಪಿ ಎಂದರೆ ಪ್ರಚಾರ, ಎಸ್ ಎಂದರೆ ಸೇವೆ, ಟಿ ಎಂದರೆ ಒಟಿಪಿಯಂಥ ವಹಿವಾಟು, ಜಿ ಎಂದರೆ ಸರ್ಕಾರ. ಕೊನೆಯಲ್ಲಿ ಎಸ್ ಇದ್ದು ಒಳಗೆ ‘ಹೊಸ ಮಾಡೆಲ್ ಬಂದಿದೆ, ಇಂದೇ ಬನ್ನಿ’ ಎಂದಿದ್ದರೆ ಅದು ಪ್ರಚಾರವನ್ನು ಸೇವೆಯ ಬಾಗಿಲಿನಿಂದ ತೂರಿಸಿದ ಮೆಸೇಜ್. ಇದನ್ನು ಗುರುತು ಹಾಕಿಕೊಳ್ಳಿ, ದೂರಿನಲ್ಲಿ ಬರೆಯಬೇಕಾಗುತ್ತದೆ.

ಹೆಸರಿನ ಜಾಗದಲ್ಲಿ ಸಾಮಾನ್ಯ ಹತ್ತು ಅಂಕಿಯ ಮೊಬೈಲ್ ನಂಬರ್ ಇದ್ದರೆ, ಅಂಗಡಿಯವನು ತನ್ನದೇ ಸಿಮ್‌ನಿಂದ ಜಾಹೀರಾತು ಕಳಿಸಿದ್ದಾನೆ ಎಂದರ್ಥ. ನಿಯಮ ಇದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಪೇಟೆಬೀದಿಯ ಸಣ್ಣ ಅಂಗಡಿಗಳದ್ದು ಹೆಚ್ಚಾಗಿ ಇದೇ ದಾರಿ.

ಮೂರನೆಯದು ವಾಟ್ಸ್‌ಆ್ಯಪ್. ಇದಕ್ಕೆ ಮುಂದಿನ ಹಂತಗಳು ಅನ್ವಯಿಸುವುದಿಲ್ಲ. ಬೇಡದ ಜಾಹೀರಾತು ತಡೆಯಲು, ಅದರ ಬಗ್ಗೆ ದೂರು ಕೊಡಲು ಇರುವ ನಂಬರ್ 1909. ಅದಕ್ಕೂ ವಾಟ್ಸ್‌ಆ್ಯಪ್‌ಗೂ ಸಂಬಂಧವಿಲ್ಲ. ಅಲ್ಲೇ ‘ರಿಪೋರ್ಟ್’ ಒತ್ತಿ ಬ್ಲಾಕ್ ಮಾಡಿ. ಇನ್ನೊಂದು ಮಾತು: ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಮೆಸೇಜ್ ತಲುಪುವುದು ಕಳಿಸಿದವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ರಿಪೇರಿಗೆ ಕೊಟ್ಟಾಗ ಸೇವ್ ಮಾಡಿಕೊಂಡ ‘ಮೊಬೈಲ್ ಶಾಪ್’ ಇನ್ನೂ ನಿಮ್ಮ ಕಾಂಟ್ಯಾಕ್ಟ್‌ನಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ.

ಆಂಡ್ರಾಯ್ಡ್ ಫೋನುಗಳ ಮೆಸೇಜ್ ಪೆಟ್ಟಿಗೆಯಲ್ಲೇ ಲೋಗೋ, ದೊಡ್ಡ ಚಿತ್ರ, ಬಟನ್‌ಗಳೊಂದಿಗೆ ಬರುವ ಆಫರ್‌ಗಳು ಎಸ್‌ಎಂಎಸ್ ಅಲ್ಲ, ಇಂಟರ್ನೆಟ್ ಮೂಲಕ ಬರುವ ಆರ್‌ಸಿಎಸ್. ಮೆಸೇಜನ್ನು ಒತ್ತಿ ಹಿಡಿದು ಸ್ಪ್ಯಾಮ್ ಎಂದು ವರದಿ ಮಾಡಿ. ಆರ್‌ಸಿಎಸ್ ಚಾಟ್ ನೀವು ಬಳಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪೂರ್ತಿ ಆಫ್ ಮಾಡುವುದು ಒಳ್ಳೆಯದು.

ಹಂತ 2: ಡಿಎನ್‌ಡಿ ಹಾಕಿಸಿ

ಡಿಎನ್‌ಡಿ ಎಂದರೆ ‘ಡು ನಾಟ್ ಡಿಸ್ಟರ್ಬ್’, ನನಗೆ ಜಾಹೀರಾತು ಬೇಡ ಎಂಬ ನೋಂದಣಿ. 1909ಕ್ಕೆ ಕರೆ ಮಾಡಿ, ಅಥವಾ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ‘ಸ್ಟಾರ್ಟ್ 0’ ಎಂದು ಟೈಪ್ ಮಾಡಿ 1909ಕ್ಕೆ ಎಸ್‌ಎಂಎಸ್ ಕಳಿಸಿ. ನಡುವೆ ಒಂದು ಜಾಗ ಬಿಡಿ. ಕೊನೆಯದು ಸೊನ್ನೆ, ‘ಓ’ ಅಕ್ಷರವಲ್ಲ. ದುಡ್ಡಿಲ್ಲ. ಒಂದು ವಾರ ಬಿಟ್ಟು ಫಲ ನೋಡಿ.

ಬ್ಯಾಂಕು, ಆಸ್ತಿ, ಶಿಕ್ಷಣ, ಆರೋಗ್ಯ, ಗ್ರಾಹಕ ವಸ್ತುಗಳು ಎಂದು ವಿಭಾಗವಾರು ಆರಿಸುವ ಸೌಲಭ್ಯವೂ ಇದೆ. ಆದರೆ ಎಸ್‌ಎಂಎಸ್‌ನಲ್ಲಿ ಸಂಖ್ಯೆ ಬರೆದು ವಿಭಾಗ ಆರಿಸಲು ಹೋಗಬೇಡಿ. ಟ್ರಾಯ್‌ನ 2010ರ ನಿಯಮದಲ್ಲಿ ‘ಸ್ಟಾರ್ಟ್ 1’ ಎಂದರೆ ಆ ವಿಭಾಗದ ಮೆಸೇಜ್ ಮಾತ್ರ ಬರಲಿ ಎಂಬ ಅರ್ಥವಿತ್ತು. 2018ರ ನಿಯಮದ ‘ಬ್ಲಾಕ್ 1’ ಅದನ್ನು ತಡೆಯುವ ಆದೇಶ. ಎರಡೂ ಬೆರೆತು ಜನ ಬೇಡದ್ದನ್ನು ಬೇಕು ಎಂದು ಬರೆದು ಕಳಿಸುತ್ತಾರೆ. ವಿಭಾಗವಾರು ಬೇಕೇ ಬೇಕೆಂದರೆ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಓದಿ ಆರಿಸಿ. ಪೂರ್ತಿ ತಡೆಯೇ ವಾಸಿ. ಒಟಿಪಿ, ಬ್ಯಾಂಕಿನ ಲೆಕ್ಕ, ರೀಚಾರ್ಜ್ ಮುಗಿಯುವ ಸೂಚನೆ ಇವು ಯಾವುವೂ ಡಿಎನ್‌ಡಿಯಿಂದ ನಿಲ್ಲುವುದಿಲ್ಲ.

‘ನಿಮಗೆ ಡಿಎನ್‌ಡಿ ಹಾಕಿಕೊಡುತ್ತೇವೆ, ಬಂದ ಒಟಿಪಿ ಹೇಳಿ’ ಎಂದು ಯಾರಾದರೂ ಕರೆ ಮಾಡಿದರೆ ಅದು ವಂಚನೆ, ಫೋನ್ ಇಟ್ಟುಬಿಡಿ. ಸ್ಪ್ಯಾಮ್ ತಡೆಯುತ್ತೇವೆ ಎನ್ನುವ ಖಾಸಗಿ ಆ್ಯಪ್‌ಗಳನ್ನೂ ಹಾಕಿಕೊಳ್ಳಬೇಡಿ. ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಮತ್ತು ಮೆಸೇಜ್ ಓದಲು ಅನುಮತಿ ಕೇಳುವ ಆ್ಯಪ್‌ಗೆ ‘ಸರಿ’ ಒತ್ತಿದರೆ, ನಿಮ್ಮದಷ್ಟೇ ಅಲ್ಲ, ನಿಮ್ಮ ಬಂಧುಬಳಗದ ನಂಬರನ್ನೂ ಕೊಟ್ಟಂತೆ.

ಹಂತ 3: ದೂರು

ನಿಧಾನವಾಗಿ ಓದಬೇಕಾದದ್ದು ಇದು.

ಗಡುವು ಮೊದಲು. ಮೆಸೇಜ್ ಬಂದ 7 ದಿನದೊಳಗೆ ದೂರು ದಾಖಲಾಗಬೇಕು. ಆ 2018ರ ನಿಯಮಕ್ಕೆ 2025ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿಗೆ ಮುಂಚೆ 3 ದಿನ ಮಾತ್ರ ಇತ್ತು. ಹಬ್ಬದ ವಾರದ ಮೆಸೇಜುಗಳನ್ನೆಲ್ಲ ಒಟ್ಟು ಹಾಕಿಕೊಂಡು ತಿಂಗಳ ಕೊನೆಗೆ ಕಳಿಸಿದರೆ ಒಂದೂ ನಿಲ್ಲುವುದಿಲ್ಲ. ಬಂದ ದಿನವೇ ಕಳಿಸಿ.

ಎರಡನೆಯದು ಸಿಮ್. ಈಗ ಬಹುಪಾಲು ಫೋನುಗಳಲ್ಲಿ ಎರಡು ಸಿಮ್. ಮೆಸೇಜ್ ಬಂದದ್ದು ಎರಡನೇ ಸಿಮ್‌ಗೆ, ದೂರು ಹೋದದ್ದು ಮೊದಲನೆಯದರಿಂದ. ಕಂಪನಿ ತನ್ನ ದಾಖಲೆ ತೆಗೆದು ನೋಡಿದರೆ ಆ ನಂಬರಿಗೆ ಅಂಥ ಮೆಸೇಜೇ ಬಂದಿಲ್ಲ. ದೂರು ಅಲ್ಲಿಗೆ ಮುಗಿಯಿತು. ಮೆಸೇಜ್ ತೆರೆದರೆ ಪಕ್ಕದಲ್ಲಿ 1 ಅಥವಾ 2 ಎಂಬ ಗುರುತು ಇರುತ್ತದೆ. ಅದನ್ನು ನೋಡಿ, 1909ಕ್ಕೆ ಕಳಿಸುವಾಗ ಕಳಿಸುವ ಬಟನ್ನಿನ ಹತ್ತಿರವಿರುವ ಸಿಮ್ ಗುರುತನ್ನು ಅದಕ್ಕೆ ಹೊಂದಿಸಿ. ಅಪ್ಪ ಅಮ್ಮನಿಗೆ ಬಂದ ಮೆಸೇಜನ್ನು ಮಕ್ಕಳು ತಮ್ಮ ಫೋನಿನಿಂದ ಕಳಿಸಿದರೂ ಇದೇ ಗತಿ. ಅವರದ್ದು ಅವರ ಫೋನಿನಿಂದಲೇ ಹೋಗಬೇಕು.

ಮೂರನೆಯದು ಬರೆಯುವ ಕ್ರಮ. ಮೊದಲು ಬಂದ ಮೆಸೇಜಿನ ಪಠ್ಯ, ಅಲ್ಪವಿರಾಮ, ಕಳಿಸಿದವರ ನಂಬರ್ ಅಥವಾ ಹೆಡರ್, ಮತ್ತೆ ಅಲ್ಪವಿರಾಮ, ಕೊನೆಗೆ ದಿನಾಂಕ. ದಿನಾಂಕದಲ್ಲಿ ದಿನ ಮೊದಲು, ತಿಂಗಳು ಆಮೇಲೆ, ವರ್ಷದ ಕೊನೆಯ ಎರಡಂಕಿ, ನಡುವೆ ಓರೆಗೆರೆ: 20/10/25 ಎಂಬಂತೆ. ದೂರು ಕೊಡುವ ದಿನವಲ್ಲ, ಮೆಸೇಜ್ ಬಂದ ದಿನ.

ಮೆಸೇಜನ್ನು ‘ಫಾರ್ವರ್ಡ್’ ಮಾಡಿ ಕೈ ಬಿಡುವುದು ಎಲ್ಲರೂ ಮಾಡುವ ತಪ್ಪು. ಫಾರ್ವರ್ಡ್ ಮಾಡಿದಾಗ ಒಳಗಿನ ಪಠ್ಯ ಮಾತ್ರ ಹೋಗುತ್ತದೆ. ಯಾರು ಕಳಿಸಿದರು, ಯಾವಾಗ ಎಂಬುದು ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಆ ಎರಡನ್ನೂ ನೀವೇ ಸೇರಿಸಬೇಕು. ಹೆಡರ್ ಬರೆಯುವಾಗ ಮುಂದಿನ ಎರಡಕ್ಷರ, ಅಡ್ಡಗೆರೆ, ಕೊನೆಯ ಅಕ್ಷರ ಸಹಿತ ಪರದೆಯಲ್ಲಿ ಇರುವಂತೆಯೇ ಬರೆಯಿರಿ. ಸೊನ್ನೆಗೂ ‘ಓ’ಗೂ, ಒಂದಕ್ಕೂ ‘ಐ’ಗೂ ಇಲ್ಲಿ ಬಹಳ ವ್ಯತ್ಯಾಸ. ಸಾಧ್ಯವಾದರೆ ಕಾಪಿ ಮಾಡಿ ಅಂಟಿಸಿ.

‘ತುಂಬಾ ಕಿರಿಕಿರಿ, ನಿಲ್ಲಿಸಿ’ ಎಂದಷ್ಟೇ ಬರೆದರೆ ಅದು ದೂರಾಗುವುದಿಲ್ಲ. ಏನು ಮಾರುತ್ತಿದ್ದಾರೆ ಎಂಬುದು ಅದರಲ್ಲಿ ಕಾಣಬೇಕು. ಎಸ್ ಹೆಡರ್‌ನಲ್ಲಿ ಬಂದ ಜಾಹೀರಾತಾದರೆ ‘ಸೇವಾ ಹೆಡರ್‌ನಲ್ಲಿ ಪ್ರಚಾರ’ ಎಂದು ಸೇರಿಸಿ.

ಕನ್ನಡದ ಮೆಸೇಜುಗಳಿಗೆ ಒಂದು ವಿಶೇಷ ತೊಡಕಿದೆ. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ನಾಲ್ಕು ಸಾಲಿನ ಕನ್ನಡ ಆಫರ್ 1909ಕ್ಕೆ ಹೋಗುವಾಗ ಹಲವು ತುಂಡಾಗುತ್ತದೆ. ಒಂದು ತುಂಡು ತಡವಾದರೂ ಕೊನೆಯಲ್ಲಿರುವ ನಂಬರ್, ದಿನಾಂಕ ತಲುಪದೆ ಹೋಗಬಹುದು. ಉದ್ದನೆಯ ಕನ್ನಡ ಮೆಸೇಜ್ ಇದ್ದರೆ ಎಸ್‌ಎಂಎಸ್ ದಾರಿ ಬಿಟ್ಟು ಡಿಎನ್‌ಡಿ ಆ್ಯಪ್ ಅಥವಾ ನಿಮ್ಮ ಟೆಲಿಕಾಂ ಕಂಪನಿಯ ಆ್ಯಪ್‌ನ ದೂರಿನ ಪುಟ ಬಳಸಿ. ಐಫೋನ್‌ನಲ್ಲಿ ಯಾವ ಆ್ಯಪ್‌ಗೂ ನಿಮ್ಮ ಮೆಸೇಜ್ ಪೆಟ್ಟಿಗೆ ತೆರೆದು ಓದಲು ಆಗುವುದಿಲ್ಲ. ಆದ್ದರಿಂದ ಅದರಲ್ಲಿ ಪಠ್ಯವನ್ನು ನೀವೇ ಕಾಪಿ ಮಾಡಬೇಕು.

ದೂರು ಸ್ವೀಕಾರವಾದರೆ ಸಂಖ್ಯೆಯೊಂದು ಎಸ್‌ಎಂಎಸ್‌ನಲ್ಲಿ ಬರುತ್ತದೆ. ಅದನ್ನೂ ಮೂಲ ಮೆಸೇಜನ್ನೂ ಅಳಿಸಬೇಡಿ. ಎರಡರ ಸ್ಕ್ರೀನ್‌ಶಾಟ್ ತೆಗೆದಿಡಿ.

ಹತ್ತಂಕಿಯ ನಂಬರಿನಿಂದ ಬಂದ ಜಾಹೀರಾತಿಗೆ ದೂರು ಕೊಡಲು ಈಗ ಡಿಎನ್‌ಡಿ ಇರಲೇಬೇಕೆಂದಿಲ್ಲ. ಇದೂ 2025ರ ತಿದ್ದುಪಡಿಯಿಂದ ಬಂದ ಅನುಕೂಲ. ಅಂಥ ದೂರಿನ ಮೇಲೆ ಕ್ರಮ ಕೈಗೊಳ್ಳುವ ಅವಧಿಯನ್ನೂ 30 ದಿನದಿಂದ 5 ದಿನಕ್ಕೆ ಇಳಿಸಿದ್ದಾರೆ. ಆದರೆ ಲೆಕ್ಕ ತಿಳಿದಿರಲಿ: ಒಬ್ಬ ಕಳಿಸುವವನ ವಿರುದ್ಧ 10 ದಿನದಲ್ಲಿ 5 ದೂರು ಬಂದಾಗ ಕ್ರಮದ ಚಕ್ರ ತಿರುಗುತ್ತದೆ. ನಿಮ್ಮ ಒಂದೇ ದೂರು ಗೂಡಿನಲ್ಲಿ ಕೂತಿರಬಹುದು. ಸಣ್ಣ ಊರಿನ ಅಂಗಡಿ ಮೆಸೇಜ್ ಕಳಿಸುವುದು ಅದೇ ಬೀದಿ, ಅದೇ ಬಡಾವಣೆಯವರಿಗೆ. ಮನೆಯವರು, ಅಕ್ಕಪಕ್ಕದವರು, ಕಚೇರಿಯವರಲ್ಲಿ ಅದೇ ಮೆಸೇಜ್ ಯಾರಿಗೆಲ್ಲ ಬಂದಿದೆ ಎಂದು ಕೇಳಿ, ಐದು ಜನ ತಮ್ಮ ತಮ್ಮ ಫೋನಿನಿಂದ ಅದೇ ವಾರ ದೂರು ಕೊಡಿ. ಮೊದಲ ತಪ್ಪಿಗೆ ಕಳಿಸಿದವನ ಹೊರಹೋಗುವ ಸೇವೆ 15 ದಿನ ನಿಲ್ಲುತ್ತದೆ. ಮತ್ತೆ ಮಾಡಿದರೆ ಅವನ ಹೆಸರಿನ ಎಲ್ಲ ಸಂಪರ್ಕ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಕಡಿತ. ಅಂಗಡಿ ನಡೆಸುವವನಿಗೆ ಇದು ದೊಡ್ಡ ಪೆಟ್ಟು.

ದೂರು ತಳ್ಳಿಹಾಕಿದರೆ ಟ್ರಾಯ್‌ಗೆ ಬರೆಯಲು ಹೋಗಬೇಡಿ, ಅದು ಒಬ್ಬೊಬ್ಬರ ದೂರನ್ನು ವಿಚಾರಿಸುವ ಸಂಸ್ಥೆಯಲ್ಲ. ಟೆಲಿಕಾಂ ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿ ಕಾರಣ ಕೇಳಿ, ಆಮೇಲೆ ನಿಮ್ಮ ಟೆಲಿಕಾಂ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ದೂರಿನ ಸಂಖ್ಯೆಯೊಂದಿಗೆ ಬರೆಯಿರಿ.

ಲಾಟರಿ, ಕೆವೈಸಿ, ‘ನಿಮಗೆ ಉಚಿತ ಫೋನ್ ಬಂದಿದೆ’ ಎಂಬ ಲಿಂಕ್ ಇದ್ದರೆ ಅದು ಜಾಹೀರಾತಲ್ಲ, ಮೋಸ. ಕೇಂದ್ರದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 4: ಕೊಟ್ಟ ಒಪ್ಪಿಗೆ ಹಿಂತೆಗೆದುಕೊಳ್ಳಿ

ಡಿಎನ್‌ಡಿ ಇದ್ದರೂ ಒಂದೇ ಸಂಸ್ಥೆಯ ಮೆಸೇಜ್ ನಿಲ್ಲದಿದ್ದರೆ, ನೀವು ಎಲ್ಲೋ ಒಪ್ಪಿಗೆ ಕೊಟ್ಟಿದ್ದೀರಿ. ಫೋನನ್ನು ಕಂತಿನಲ್ಲಿ ಕೊಂಡವರ ವಿಷಯದಲ್ಲಿ ಕಾರಣ ಹೆಚ್ಚಾಗಿ ಸಾಲದ ಅರ್ಜಿ. ಅಂಗಡಿಯ ಹುಡುಗ ಟ್ಯಾಬ್ ತಿರುಗಿಸಿ ‘ಇಲ್ಲಿ ಒಟಿಪಿ ಹೇಳಿ ಸಾರ್’ ಎಂದಾಗ ಅದರೊಳಗೆ ಪ್ರಚಾರದ ಒಪ್ಪಿಗೆಯೂ ಸೇರಿರಬಹುದು. ನೋಂದಾಯಿತ ಹೆಡರ್‌ನ ಪ್ರಚಾರ ಮೆಸೇಜಿನಲ್ಲಿ ಹೊರಬರುವ ದಾರಿ ಕೊಟ್ಟಿರಲೇಬೇಕು, ಅದನ್ನು ಬಳಸಿ. ಹಾಗೆ ಹೊರಬಂದ ಮೇಲೆ 90 ದಿನ ಅವರು ಮತ್ತೆ ಒಪ್ಪಿಗೆ ಕೇಳುವಂತಿಲ್ಲ. 127ರಿಂದ ಶುರುವಾಗುವ ಚಿಕ್ಕ ನಂಬರಿನಿಂದ ಒಪ್ಪಿಗೆ ಕೇಳುವ ಮೆಸೇಜ್ ಬಂದರೆ ಓದದೆ ಉತ್ತರಿಸಬೇಡಿ.

ಹತ್ತಂಕಿಯ ನಂಬರಿಗೆ ಮಾತ್ರ ‘ಸ್ಟಾಪ್’ ಎಂದು ಉತ್ತರಿಸಬೇಡಿ, ಅದರ ಲಿಂಕನ್ನೂ ಮುಟ್ಟಬೇಡಿ. ಈ ನಂಬರ್ ಬಳಕೆಯಲ್ಲಿದೆ ಎಂದು ನೀವೇ ಹೇಳಿದಂತಾಗುತ್ತದೆ. ಹೆಡರ್ ಮೆಸೇಜುಗಳಲ್ಲಿ ಮುಂಚಿತವಾಗಿ ನೋಂದಾಯಿಸದ ಲಿಂಕ್‌ಗಳನ್ನು 2024ರ ಅಕ್ಟೋಬರ್ 1ರಿಂದ ತಡೆಯುತ್ತಾರೆ. ಹತ್ತಂಕಿಯ ನಂಬರಿನ ಲಿಂಕ್‌ಗೆ ಅಂಥ ಜರಡಿ ಇಲ್ಲ.

ಹೊಸ ಸಿಮ್‌ಗೆ ಬೇರೆಯವರ ಹೆಸರು ಹೇಳಿ ಆಫರ್ ಬರುತ್ತಿದ್ದರೆ ಅದು ಆ ನಂಬರಿನ ಹಿಂದಿನ ಗ್ರಾಹಕರದ್ದು. ನಿಂತುಹೋದ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ಅವರು ಕೊಟ್ಟಿದ್ದ ಒಪ್ಪಿಗೆ ನಿಮ್ಮದಲ್ಲ. ನಿಮ್ಮ ಹೆಸರಿನಲ್ಲಿ ಹೊಸದಾಗಿ ಡಿಎನ್‌ಡಿ ಹಾಕಿಸಿ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಿದಾಗಲೂ 1909ಕ್ಕೆ ಕರೆ ಮಾಡಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಹಂತ 5: ಮುಂದಿನ ಸಲ ಕೌಂಟರಿನಲ್ಲಿ

ಕವರ್, ಚಾರ್ಜರ್, ಇಯರ್‌ಫೋನ್ ಕೊಳ್ಳಲು ನಂಬರ್ ಬೇಕಿಲ್ಲ. ‘ನಂಬರ್ ಹಾಕದಿದ್ದರೆ ಕಂಪ್ಯೂಟರ್ ಬಿಲ್ ತೆಗೆಯುವುದಿಲ್ಲ’ ಎಂಬ ಮಾತಿಗೆ ಮಣಿಯಬೇಡಿ. ಗ್ರಾಹಕರನ್ನು ಮೊಬೈಲ್ ನಂಬರಿಗಾಗಿ ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಹೊಸ ಫೋನಿನ ವಾರಂಟಿಗೆ ಬೇಕಾದದ್ದು ಐಎಂಇಐ ಸಂಖ್ಯೆ ನಮೂದಿಸಿದ ಬಿಲ್. ಆ ಸಂಖ್ಯೆ ಬಿಲ್ಲಿನಲ್ಲಿದೆಯೇ ಎಂದು *#06# ಒತ್ತಿ ಅಲ್ಲೇ ತಾಳೆ ನೋಡಿ. ನಂಬರ್ ಕೊಡದಿದ್ದರೆ ಮಾರುವುದೇ ಇಲ್ಲ ಎಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ರಿಪೇರಿಗೆ ಕೊಡುವಾಗ ನಂಬರ್ ಕೊಡದೆ ವಿಧಿಯಿಲ್ಲ. ಆಗ ಚೀಟಿಯಲ್ಲಿ, ಅಂಗಡಿಯಲ್ಲಿ ಉಳಿಯುವ ಭಾಗದ ಮೇಲೆ, ನಂಬರಿನ ಪಕ್ಕ ‘ರಿಪೇರಿ ವಿಷಯಕ್ಕೆ ಮಾತ್ರ’ ಎಂದು ಬರೆದು ಸಹಿ ಹಾಕಿ, ಫೋಟೊ ತೆಗೆದುಕೊಳ್ಳಿ. ನಾಳೆ ಆ ಅಂಗಡಿ ‘ಗ್ರಾಹಕರೇ ಒಪ್ಪಿದ್ದರು’ ಎಂದರೆ ತೋರಿಸಲು ಆ ಫೋಟೊ ಬೇಕಾಗುತ್ತದೆ.