ಆಷಾಢಕ್ಕೆ ಮುಗಿಯುವ ಕರಾರು: ಬಾಡಿಗೆ ಏರಿಕೆಯ ಜೊತೆ ನನ್ನ ಅನುಭವ

ಬಾಡಿಗೆ ಎಷ್ಟು ಏರಬೇಕು ಅಂತ ಅರ್ಧಕ್ಕರ್ಧ ತೀರ್ಮಾನ ಮಾಡುವುದು ಕರಾರು ಮುಗಿಯುವ ತಿಂಗಳು. ಇದನ್ನು ಹೇಳಿದಾಗ ಆಫೀಸಿನಲ್ಲಿ ಯಾರೂ ನಂಬಲಿಲ್ಲ. "ಪಂಚಾಂಗ ನೋಡ್ಕೊಂಡು ಬಾಡಿಗೆ ಇಳಿಸ್ತೀರಾ ಭಾವ?" ಅಂತ ನನ್ನ ಭಾವಮೈದನೂ ಕೇಳಿದ. 20,000 ಕೇಳಿದ್ದ ಓನರ್ 17,300ಕ್ಕೆ ಸಹಿ ಹಾಕಿದ ಮೇಲೆ ಎಲ್ಲರೂ ಹೇಗೆ ಮಾಡಿದಿರಿ ಅಂತ ವಿಚಾರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಕತ್ರಿಗುಪ್ಪೆ ಕಡೆ ಎರಡು ಬೆಡ್‌ರೂಮಿನ ಮನೆ. 2021ರ ಆಗಸ್ಟ್‌ನಲ್ಲಿ ಸೇರಿದಾಗ 12,500. ಕೊರೊನಾ ಕಾಲ, ಬೀದಿ ತುಂಬ ಟು-ಲೆಟ್ ಬೋರ್ಡು, ಓನರೇ ಕರೆದು ಕೊಟ್ಟರು. ಆಮೇಲೆ 11 ತಿಂಗಳಿಗೊಮ್ಮೆ ಶೇ. 10. 13,750 ಆಯಿತು, 15,100 ಆಯಿತು, 2024ಕ್ಕೆ 16,600. ಸಂಬಳ ಆ ವೇಗದಲ್ಲಿ ಏರಲಿಲ್ಲ.

ಮೊದಲು ಕಾನೂನು ಹಿಡಿದು ಹೋದೆ. ಪರಿಚಯದ ವಕೀಲರು ಎರಡೇ ಮಾತಿನಲ್ಲಿ ಮುಗಿಸಿದರು: 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯಿಸುವುದಿಲ್ಲ. 3,500ಕ್ಕೆ ಇವತ್ತು ಈ ಊರಲ್ಲಿ ಒಂದು ರೂಮೂ ಸಿಗದು. ಕೇಂದ್ರದ 2021ರ ಮಾದರಿ ಕಾಯ್ದೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ, ಆದರೆ ಅದು ಮಾದರಿ ಮಾತ್ರ. ನಮ್ಮ ಬೀದಿಯಲ್ಲಿ ಈಗಲೂ ಹತ್ತು ತಿಂಗಳದ್ದು ಕೇಳುತ್ತಾರೆ.

2023ರಲ್ಲಿ ಬಿಲ್ಡಿಂಗಿನ ಮೂರೂ ಮನೆಯವರು ಒಟ್ಟಿಗೆ ಮಾತಾಡೋಣ ಅಂತ ಹೊರಟೆವು. ಕೆಳಗಿನ ಮನೆಯವರು ಹಿಂದಿನ ದಿನವೇ ಹೋಗಿ ತಮ್ಮದು ತಾವು ಒಪ್ಪಿಕೊಂಡು ಬಂದಿದ್ದರು. ಒಗ್ಗಟ್ಟು ಅಲ್ಲಿಗೇ ಮುಗಿಯಿತು.

ಮಾರನೇ ವರ್ಷ ಏಪ್ರಿಲ್‌ನಲ್ಲಿ "ಹಾಗಾದ್ರೆ ಖಾಲಿ ಮಾಡ್ತೀವಿ ಸರ್" ಅಂದೆ. ಅವತ್ತು ಸಂಜೆಯೇ ಗೇಟಿಗೆ ರಟ್ಟಿನ ಬೋರ್ಡು ಬಿತ್ತು. ಭಾನುವಾರ ಬೆಳಿಗ್ಗೆಯಿಂದ ಮನೆ ನೋಡುವವರು ಬರುತ್ತಲೇ ಇದ್ದರು. ಒಬ್ಬರು ನಮ್ಮ ಅಡುಗೆಮನೆಯಲ್ಲೇ ನಿಂತು ಓನರ್‌ಗೆ ಟೋಕನ್ ಅಡ್ವಾನ್ಸ್ ಕಳಿಸಲು ಫೋನ್ ತೆಗೆದರು. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಒಳಗೆ ಹೋದಳು. ನಾನು ಓನರ್ ಹೇಳಿದ 16,600ಕ್ಕೇ ಒಪ್ಪಿದೆ.

ಆದರೆ ಆ ಭಾನುವಾರ ಒಂದು ಹೊಳೆಯಿತು. ಬಂದವರೆಲ್ಲ ಶಾಲೆ ಶುರುವಾಗುವ ಮುಂಚೆ ಮನೆ ಬೇಕು ಅನ್ನುತ್ತಿದ್ದರು. ಅಲ್ಲಿಂದ ನನ್ನ ಸ್ವಂತ ಪ್ರಯೋಗ ಶುರು. ಸಂಜೆ ವಾಕಿಂಗ್ ಹೋದಾಗ ಟು-ಲೆಟ್ ಬೋರ್ಡುಗಳನ್ನು ಪಾಕೆಟ್ ಡೈರಿಯಲ್ಲಿ ಗುರುತು ಹಾಕುತ್ತಾ ಬಂದೆ: ಯಾವ ಕ್ರಾಸು, ಎಷ್ಟು ಬಾಡಿಗೆ, ಎಷ್ಟು ದಿನ ನೇತಾಡಿತು. ನಂಬರ್‌ಗೆ ಫೋನ್ ಮಾಡಿ ರೇಟೂ ಕೇಳುತ್ತಿದ್ದೆ. ಮೇ ತಿಂಗಳ ಬೋರ್ಡು ವಾರ ನಿಲ್ಲುವುದಿಲ್ಲ. ಆಷಾಢ ಹಿಡಿಯಿತೋ, ಅದೇ ಬೋರ್ಡು ಮಳೆಗೆ ನೆಂದು, ನಂಬರ್ ಅಳಿಸಿ, ಮಾರ್ಕರ್‌ನಲ್ಲಿ ಮತ್ತೆ ತಿದ್ದಿಸಿಕೊಂಡು ಶ್ರಾವಣದ ತನಕ ನೇತಾಡುತ್ತದೆ. ಆಷಾಢದಲ್ಲಿ ಹಾಲು ಉಕ್ಕಿಸುವವರಿಲ್ಲ. ಫೋನಿನಲ್ಲಿ ರೇಟು ತಾನಾಗಿ ಸಾವಿರ, ಸಾವಿರದೈನೂರು ಇಳಿಯುತ್ತದೆ.

ಈಗ 11 ತಿಂಗಳ ಕರಾರಿನ ವಿಷಯ. ಪ್ರತಿ ಸಲ ನವೀಕರಿಸುವಾಗ ತಾರೀಖು ಒಂದು ತಿಂಗಳು ಹಿಂದಕ್ಕೆ ಜಾರುತ್ತದೆ. ನನ್ನದು ಆಗಸ್ಟ್‌ನಿಂದ ಜುಲೈ, ಜೂನ್, ಮೇ ಅಂತ ಬಂದು 2025ಕ್ಕೆ ಸರಿಯಾಗಿ ಏಪ್ರಿಲ್‌ಗೆ ಕೂತಿತ್ತು. ಓನರ್‌ಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಕೇಳಿದ್ದು 20,000.

ನಾನು ವಾದ ಮಾಡಲಿಲ್ಲ. "ಸರ್, ಮಗಳ ಸ್ಕೂಲ್ ಶುರುವಾಗ್ಲಿ. ಮೂರು ತಿಂಗಳು 17,000 ಕೊಡ್ತೀನಿ, ಜೂನ್ ಕೊನೆಗೆ ಕೂತು ಹೊಸ ಕರಾರು ಮಾಡೋಣ" ಅಂದೆ. 400 ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಒಪ್ಪಿದರು. ಆ ವರ್ಷ ಆಷಾಢ ಶುರುವಾಗಿದ್ದು ಜೂನ್ 26ಕ್ಕೆ.

ಮಾತಿಗೆ ಕೂರುವ ಮುಂಚೆ ನನ್ನ ಮಿತಿ ಗೊತ್ತುಮಾಡಿಕೊಂಡಿದ್ದೆ. ಮನೆ ಬದಲಾಯಿಸಿದರೆ ಸಾಮಾನು ಸಾಗಿಸಲು 12,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 18,000ದ ಹತ್ತಿರ, ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಹಿಡಿಯುವ ಒಂದು ತಿಂಗಳು. ಎಲ್ಲ ಸೇರಿ 46-47 ಸಾವಿರ. ಹೊಸ ಮನೆಯಲ್ಲಿ 33 ತಿಂಗಳು ಇರುತ್ತೇವೆ ಅಂದುಕೊಂಡರೆ ತಿಂಗಳಿಗೆ 1,400. ಅಂದರೆ 18,000ದ ತನಕ ಏರಿದರೂ ಇರುವ ಮನೆಯೇ ಲಾಭ. ಆ ಅಂಕಿ ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಓನರ್ ಕಡೆಯ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಮನೆ ಆಷಾಢ ಪೂರ್ತಿ ಖಾಲಿ ಬಿದ್ದರೆ ಹದಿನೇಳು ಸಾವಿರ ಹೋಯಿತು. ಪೇಂಟಿಂಗ್‌ಗೆ ನಮ್ಮಿಂದ ಹಿಡಿದದ್ದು ಕಳೆದು ಮೇಲೆ ಹತ್ತು ಸಾವಿರ. ನಮ್ಮ ಒಂದೂಕಾಲು ಲಕ್ಷ ಅಡ್ವಾನ್ಸ್ ಒಂದೇ ದಿನ ವಾಪಸ್ ಕೊಡಬೇಕು. ಆ ದುಡ್ಡು ಮೇಲಿನ ಮಹಡಿಯ ಕಾಂಕ್ರೀಟಿಗೆ ಹೋಗಿದೆ ಅಂತ ನನಗೆ ಗೊತ್ತಿತ್ತು. ಡೈರಿಯ ಹಾಳೆಯನ್ನೂ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ನಾಲ್ಕನೇ ಕ್ರಾಸಿನ ಮನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಇನ್ನೂ ಹೋಗಿಲ್ವಾ?" ಅಂದರು. ಆಮೇಲೆ ನಾನು ಹೇಳಿದ ಒಂದು ಮಾತು ಇಲ್ಲಿ ಬರೆಯುವುದಿಲ್ಲ. ಇದನ್ನು ಓನರ್‌ಗಳೂ ಓದುತ್ತಾರೆ, ನನಗೆ ಅದು ಇನ್ನೊಮ್ಮೆ ಬೇಕಾಗುತ್ತದೆ.

ಒಪ್ಪಂದ ಹೀಗಾಯಿತು: ಮೊದಲ ವರ್ಷ 17,300, ಆಮೇಲೆ ವರ್ಷಕ್ಕೆ 700. ಶೇಕಡಾ ಲೆಕ್ಕ ಇಲ್ಲ. ಹಳೆಯ ಶೇ. 10ರಲ್ಲೇ ಹೋಗಿದ್ದರೆ ಮೂರನೇ ಏರಿಕೆಗೆ 22,000 ದಾಟುತ್ತಿತ್ತು. ಈಗ ಅಷ್ಟರಲ್ಲಿ 18,700. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕು, ಅದಕ್ಕೆ ಓನರ್ ಒಪ್ಪಲಿಲ್ಲ. ಕರಾರು 11 ತಿಂಗಳದ್ದೇ ಉಳಿಯಿತು, ಆದರೆ "ನವೀಕರಣ ಯಾವಾಗ ಆದರೂ ಬಾಡಿಗೆ ಏರಿಕೆ ಜುಲೈ 1ಕ್ಕೆ ಮಾತ್ರ" ಅಂತ ಒಂದು ಸಾಲು ಸೇರಿಸಿ ಇಬ್ಬರೂ ಸಹಿ ಹಾಕಿದೆವು. ಇದು ಕೋರ್ಟಿನಲ್ಲಿ ಗಟ್ಟಿ ನಿಲ್ಲುವ ಕಾಗದವಲ್ಲ, ಆದರೆ ತನ್ನ ಸಹಿ ಕಂಡ ಮೇಲೆ ಮನುಷ್ಯ ಮಾತು ತಿರುಗಿಸುವುದು ಕಡಿಮೆ. ನಾನು ಕೊಟ್ಟದ್ದು 25,000 ಹೆಚ್ಚಿನ ಅಡ್ವಾನ್ಸ್, ಬ್ಯಾಂಕ್ ಮೂಲಕ. ಎಫ್‌ಡಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ ನೂರೈವತ್ತು ಬಡ್ಡಿ ಬರುತ್ತಿತ್ತು, ಅಷ್ಟೇ ನನ್ನ ಖರ್ಚು. ನೀರು, ಮೆಟ್ಟಿಲ ದೀಪದ 800 ರೂಪಾಯಿಯನ್ನು ಬಾಡಿಗೆಯಿಂದ ಬೇರೆ ಮಾಡಿಸಲು ನೋಡಿದೆ, ಒಪ್ಪಲಿಲ್ಲ.

ನಡುವೆ ಲೀಸಿನ ಮನೆಗಳನ್ನೂ ನೋಡಿದೆ. 15-18 ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆಯೇ ಇಲ್ಲ. ಇಸಿ (ಆಸ್ತಿಯ ಮೇಲಿನ ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿದರೆ ಒಂದು ಮನೆ ಆಗಲೇ ಬ್ಯಾಂಕಿಗೆ ಅಡಮಾನ. ಆ ಆಸೆ ಬಿಟ್ಟೆ.

2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಆಷಾಢ ಜುಲೈ ಮಧ್ಯಕ್ಕೆ ಹೋಗುತ್ತದೆ. ಅಧಿಕ ಮಾಸದಲ್ಲೂ ಗೃಹಪ್ರವೇಶ ಮಾಡುವುದಿಲ್ಲ, ಆದರೆ ಅದು ಜೂನ್ ಮಧ್ಯಕ್ಕೇ ಮುಗಿಯುತ್ತದೆ. ಜೂನ್ ಕೊನೆಗೆ ಆಷಾಢಕ್ಕೆ ಎರಡೇ ವಾರ ಬಾಕಿ ಇರುವುದರಿಂದ ಆಗಿನ ಕರಾರಿಗೆ ಅಂಥ ನಷ್ಟವಿಲ್ಲ. ಪಿತೃಪಕ್ಷ ಹದಿನೈದೇ ದಿನ, ಸಾಲದು. ಧನುರ್ಮಾಸ ಪರವಾಗಿಲ್ಲ. ವೈಟ್‌ಫೀಲ್ಡ್, ಬೆಳ್ಳಂದೂರು ಕಡೆ ಹೊರರಾಜ್ಯದ ಐಟಿಯವರೇ ಬಾಡಿಗೆಗೆ ಬರುವ ಫ್ಲ್ಯಾಟುಗಳಲ್ಲಿ ಆಷಾಢ ಯಾರಿಗೂ ಲೆಕ್ಕಕ್ಕಿಲ್ಲ. ಅಲ್ಲಿರುವ ನನ್ನ ಸ್ನೇಹಿತ ಬೇರೆ ತಿಂಗಳು ಹುಡುಕುತ್ತಾ ತನ್ನದೇ ಡೈರಿ ಶುರುಮಾಡಿದ್ದಾನೆ. ಹಳೆಯ ಬಡಾವಣೆಗಳಲ್ಲಿ, ಓನರ್ ಅದೇ ಬಿಲ್ಡಿಂಗಿನಲ್ಲಿ ಇರುವ ಕಡೆ, ಜೂನ್ 30 ಹಿಡಿಯಿರಿ.